ಒಡೆ, ಮುರಿ, ಹರಿ: ನಾಶಾರ್ಥಕ ಧಾತುಗಳ ವಿವೇಚನೆ

ವಸ್ತುಗಳ ನಾಶವನ್ನು ತಿಳಿಸುವ ಕನ್ನಡ ಧಾತುಗಳನ್ನು ಪರ್ಯಾಯಪದಗಳೆಂದು ಭಾವಿಸುವುದು ಸರಿಯಲ್ಲ. ಮಡಕೆ, ಗಾಜು, ತೆಂಗಿನಕಾಯಿಗಳು ಒಡೆಯುವುವು. ಕೋಲು, ಎಲುಬು, ಕುರ್ಚಿಯ ಕಾಲುಗಳು ಮುರಿಯುವುವು. ಬಟ್ಟೆ, ಕಾಗದ, ನೂಲಿನ ಎಳೆಗಳು ಹರಿಯುವುವು. ಬಿದಿರನ್ನು ಉದ್ದಕ್ಕೆ ಸೀಳುವರು. ಬೇರೂರಿದ ಕಳೆಯನ್ನು ಕೀಳುವರು. ವಸ್ತುವಿನ ಸ್ವಭಾವವೇ ಇಲ್ಲಿ ಧಾತುವನ್ನು ನಿರ್ಣಯಿಸುವುದು. ಬಟ್ಟೆಯನ್ನು ಒಡೆದನೆಂದು ಮಕ್ಕಳೂ ನುಡಿಯರು. ಹಳಗನ್ನಡದಲ್ಲಿ ತುಂಡಾಗುವ ಅರ್ಥದ ‘ಪಱಿ’ ಬೇರೆ, ಪ್ರವಹಿಸುವ ಅರ್ಥದ ‘ಪರಿ’ ಬೇರೆ. ಶಕಟರೇಫವು ಬಳಕೆ ತಪ್ಪಿದ ಮೇಲೆ ಎರಡೂ ‘ಹರಿ’ ಎಂದಾದರೂ ಅರ್ಥಭೇದವು ಅಳಿಯಲಿಲ್ಲ.

ಕರ್ತೃವಿನ ಹೊಣೆಯನ್ನು ಸೂಚಿಸುವ ಕೆಲಸ ಸಹಾಯಕ್ರಿಯೆಯದು. ‘ಪತ್ರ ಹರಿದುಹೋಯಿತು’ ಎಂಬಲ್ಲಿ ಯಾರ ಮೇಲೂ ದೋಷವಿಲ್ಲ; ‘ಪತ್ರವನ್ನು ಹರಿದುಹಾಕಿದನು’ ಎಂಬಲ್ಲಿ ಸಂಕಲ್ಪವಿದೆ. ಇಂಗ್ಲಿಷಿನ ‘ಟೇರ್ ಅಪ್’ ಎಂಬುದರ ‘ಅಪ್’ ದಿಕ್ಕನ್ನು ಹೇಳದೆ ಕ್ರಿಯೆಯ ಪೂರ್ಣತೆಯನ್ನು ಹೇಳುವುದರಿಂದ, ಅದಕ್ಕೆ ಸಮನಾದುದು ನಮ್ಮ ‘ಹಾಕು’ ಎಂಬುದೇ. ‘ವ್ಯಾಂಡಲೈಜ್’ ಎಂಬುದರ ರೀತಿ ಬೇರೆ. ಕ್ರಿ.ಶ. 455ರಲ್ಲಿ ರೋಮ್ ನಗರವನ್ನು ಸೂರೆಗೊಂಡ ವ್ಯಾಂಡಲ್ ಜನರ ಹೆಸರಿನಿಂದ ಹುಟ್ಟಿದ ಆ ಪದವು ವಸ್ತುವಿಗೆ ಏನಾಯಿತೆಂಬುದನ್ನು ತಿಳಿಸುವುದಿಲ್ಲ. ಮಾಡಿದವನು ಎಂಥವನೆಂದು ತೀರ್ಪು ಕೊಡುತ್ತದೆ.

ಈ ಭೇದವು ವೈಯಾಕರಣರ ವಿನೋದವಲ್ಲ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ಅಸಮಾಧಾನವು ಸಿಡಿಯಿತು. ಗಾಜುಗಳು ಒಡೆದುವು, ವಾಹನಗಳು ಉರುಳಿದುವು. ವಾರ್ತೆಗಳಲ್ಲಿ ಇವೆಲ್ಲಕ್ಕೂ ‘ಧ್ವಂಸ’, ‘ದಾಂಧಲೆ’ ಎಂಬ ಎರಡು ಪದಗಳೇ ಮೇಲಾಗಿ ನಿಂತುವು. ವೇಮಗಲ್ ಪೊಲೀಸ್ ಠಾಣೆಗೆ ಸಂಸ್ಥೆಯ ಕಡೆಯಿಂದ ಬಂದ ದೂರಿನಲ್ಲಿ ನಷ್ಟವು ಸುಮಾರು 437 ಕೋಟಿ ರೂಪಾಯಿ ಎಂದಿತ್ತು. ಕೆಲವೇ ದಿನಗಳಲ್ಲಿ ಅದೇ ಸಂಸ್ಥೆ ತೈವಾನಿನಲ್ಲಿ ತಿಳಿಸಿದ ಮೊತ್ತವು ಸುಮಾರು 26ರಿಂದ 52 ಕೋಟಿ. ‘ಧ್ವಂಸ’ವೆಂಬ ಪದವು ಎರಡು ಲೆಕ್ಕಗಳಿಗೂ ಸಮನಾಗಿ ಒಪ್ಪುವುದೆಂಬುದೇ ಅದರ ದೋಷ. ಒಡೆದ ಗಾಜನ್ನೂ ಮುರಿದ ಕುರ್ಚಿಯನ್ನೂ ಎಣಿಸಬಹುದು, ಧ್ವಂಸವನ್ನು ಎಣಿಸಲಾಗದು.

ಸಂಕ್ಷೇಪಕ್ಕಾಗಿ ಸಮೂಹವಾಚಕವು ಬೇಕೇಬೇಕೆಂದು ಆಕ್ಷೇಪಿಸಬಹುದು. ಕೋಟೆಯೊಂದು ಬುಡಸಹಿತ ನೆಲಸಮವಾದಲ್ಲಿ ‘ಧ್ವಂಸ’ವು ಯುಕ್ತವೇ. ವಿವರವನ್ನು ಹೇಳಿದ ಮೇಲೆ ಸಮೂಹವಾಚಕವು ಬಂದರೆ ಅದು ಸಂಕ್ಷೇಪ. ವಿವರದ ಸ್ಥಾನದಲ್ಲಿಯೇ ಬಂದರೆ ಅದು ಮರೆ. ‘ದಾಂಧಲೆ’ಯಾದರೋ ‘ವ್ಯಾಂಡಲೈಜ್’ನಂತೆ ಕರ್ತೃವನ್ನು ಮಾತ್ರ ತೋರಿಸುತ್ತದೆ, ಕಾರಣವನ್ನು ತೋರಿಸದು. ಕೆಲವರಿಗೆ ವೇತನವು ಸರಿಯಾಗಿ, ಸಕಾಲದಲ್ಲಿ ಸಂದಿರಲಿಲ್ಲವೆಂದು ಸಂಸ್ಥೆಯೇ ಅದೇ ತಿಂಗಳಿನಲ್ಲಿ ಒಪ್ಪಿ ಕ್ಷಮೆ ಕೇಳಿತು.

ಇಲ್ಲಿ ಕನ್ನಡದ ಹಳೆಯ ಧಾತುವಿನ ನ್ಯಾಯಬುದ್ಧಿಯು ಗಮನಾರ್ಹವಾದುದು. ಕುರ್ಚಿಯನ್ನು ಮುರಿಯುವುದಕ್ಕೂ ಕೊಟ್ಟ ಮಾತನ್ನು ಮುರಿಯುವುದಕ್ಕೂ ಅದು ಒಂದೇ ಪದವನ್ನು ಇಟ್ಟಿದೆ. ‘ದಾಂಧಲೆ’ ಎಂದ ಬರೆಹಗಾರನಿಗೆ ಮೊದಲನೆಯದು ಮಾತ್ರ ಕಂಡೀತು. ‘ಮುರಿ’ ಎಂದವನು ‘ಯಾರು, ಏನನ್ನು?’ ಎಂಬ ಪ್ರಶ್ನೆಗೆ ಎರಡು ಕಡೆಯಲ್ಲಿಯೂ ಉತ್ತರ ಕೊಡಲೇಬೇಕಾಗುವುದು.