‘ಬಹುದು’ ಎಂದು ಬರೆಯುವ ಕಷ್ಟ

ಸುಳ್ಯದಲ್ಲಿ ಎಂಬಿಬಿಎಸ್ ಓದುತ್ತಿರುವ ಅಕ್ಕನ ಮಗಳು ಕಳೆದ ಮಳೆಗಾಲದಲ್ಲಿ ಅಜ್ಜಾವರಕ್ಕೆ ಬಂದವಳು ಬ್ಯಾಗಿನಿಂದ ಒಂದು ಇಂಗ್ಲಿಷ್ ಪ್ರಬಂಧ ತೆಗೆದು ಮೇಜಿನ ಮೇಲಿಟ್ಟಳು. “ಮಾವ, ಇದರ ಸಾರಾಂಶ ಒಂದು ಪುಟದಲ್ಲಿ ಕನ್ನಡದಲ್ಲಿ ಬೇಕಿತ್ತು. ಊರಿನವರಿಗೆ ಓದಿ ಹೇಳಲಿಕ್ಕೆ.” ಕತೆ, ಕವಿತೆಗಳ ಬಗ್ಗೆ ಬರೆದುಕೊಂಡು ಬಂದ ನನಗೆ ಒಂದು ಪುಟವೇನು ಮಹಾ ಅನಿಸಿತು. ಮೂರು ವಾರ ಹಿಡಿಯಿತು.

ಪ್ರಬಂಧ 2003ರ ಡಿಸೆಂಬರಿನಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸಯೀದ್ ಮತ್ತು ಜೊತೆಗಾರರು. ವಿಷಯ: ಎಂಡೋಸಲ್ಫಾನ್ ಮತ್ತು ಹುಡುಗರ ಬೆಳವಣಿಗೆ. ಗೇರುತೋಟದ ಬುಡದಲ್ಲಿರುವ ಒಂದು ಹಳ್ಳಿಯ 117 ಶಾಲಾ ಹುಡುಗರನ್ನು, ಆ ಮದ್ದಿನ ಸಂಪರ್ಕವೇ ಇಲ್ಲದ ಕಡೆಯ 90 ಹುಡುಗರೊಂದಿಗೆ ಹೋಲಿಸಿ ನೋಡಿದ್ದಾರೆ. ಎಲ್ಲರೂ 10ರಿಂದ 19 ವರ್ಷದೊಳಗಿನವರು.

ನಾನು ಮೊದಲು ಎಡವಿದ್ದು ‘ಒಂದು ಹಳ್ಳಿ’ ಎಂಬಲ್ಲಿ. ಸಾರಾಂಶದಲ್ಲಿ ಆ ಹಳ್ಳಿಗೆ ಹೆಸರಿಲ್ಲ. ಅದು ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ. ಅಜ್ಜಾವರದಿಂದ ಮಂಡೆಕೋಲಿನ ದಾರಿ ಹಿಡಿದರೆ ಕೇರಳದ ಗಡಿ ಬರಲು ಹೆಚ್ಚು ಹೊತ್ತು ಬೇಡ. ಪಡ್ರೆಯವರು ಮಾತಾಡುವ ತುಳು, ಕನ್ನಡ ನಮ್ಮದೇ. ಊರಿನ ಹೆಸರು ತೆಗೆದಾಗ ವಿಜ್ಞಾನಕ್ಕೆ ಏನೂ ನಷ್ಟವಿಲ್ಲ, ಹೊರಗಿನ ಓದುಗನಿಗೆ ಪಡ್ರೆಯೂ ಒಂದೇ, ಪೆರುವೂ ಒಂದೇ. ಆದರೆ ನನ್ನ ಪುಟವನ್ನು ಕೇಳುವವರ ನೆಂಟರು ಅಲ್ಲಿದ್ದಾರೆ. ಹೆಸರು ಹಾಕಿದೆ. ಇದೇ ಹಳ್ಳಿಗಳ ಬಗ್ಗೆ ಅಂಬಿಕಾಸುತನ್ ಮಾಂಗಾಡ್ 2009ರಲ್ಲಿ ಮಲಯಾಳದಲ್ಲಿ ಕಾದಂಬರಿ ಬರೆದಾಗ ಪಂಚಾಯತಿನ ಹೆಸರನ್ನೇ ಶೀರ್ಷಿಕೆ ಮಾಡಿದರು: ‘ಎನ್‌ಮಕಜೆ’. ಕಾದಂಬರಿಕಾರನಿಗೆ ಹೆಸರೇ ಬಂಡವಾಳ. ಆದರೆ ಅವನಿಗೆ ಆ 90 ಹುಡುಗರು ಬೇಕಾಗುವುದಿಲ್ಲ, ಅದೂ ನಿಜ.

ಎರಡನೆಯ ತೊಡಕು ನಮ್ಮದೇ ಭಾಷೆಯದ್ದು. ನಮ್ಮಲ್ಲಿ ಜ್ವರಕ್ಕೆ ನುಂಗುವುದೂ ಮದ್ದು, ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿ ಬಿಡುವುದೂ ಮದ್ದು. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್, ಈಚೆ ಪುತ್ತೂರು, ಬೆಳ್ತಂಗಡಿ ಕಡೆಯ ಗೇರುತೋಟಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹೆಲಿಕಾಪ್ಟರಿನಿಂದ ಟೀ ಸೊಳ್ಳೆಯ ಮೇಲೆ ಸುರಿದದ್ದೂ ಜನರ ಬಾಯಲ್ಲಿ ಮದ್ದೇ. ‘ವಿಷ’ ಎಂದು ಬರೆದರೆ ಹೋರಾಟದ ಕರಪತ್ರ, ‘ಕೀಟನಾಶಕ’ ಎಂದರೆ ಕೃಷಿ ಇಲಾಖೆಯ ಕರಪತ್ರ. ಮದ್ದು ಎಂದೇ ಬರೆದೆ. ಕೊಕ್ಕಡದಲ್ಲಿ ಇವತ್ತಿಗೂ ಹಾಸಿಗೆ ಬಿಟ್ಟೇಳಲಾಗದ ಮಕ್ಕಳ ಅಮ್ಮಂದಿರಿಗೆ ಆ ಪದ ಹೇಗೆ ಕೇಳಿಸುತ್ತದೋ.

ಇನ್ನು ಅಂಕಿಗಳು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ ಅಷ್ಟು ಪಾಲು. ಹೋಲಿಕೆಯ ಹುಡುಗರಲ್ಲಿ 1.37. ಇದು ಸ್ಪಷ್ಟ ವ್ಯತ್ಯಾಸ. ಆದರೆ ವೃಷಣ ಕೆಳಗಿಳಿಯದಿರುವುದು, ಹುಟ್ಟಿನಿಂದಲೇ ಅಂಡವಾಯು ಇಂಥ ತೊಂದರೆಗಳು ಪಡ್ರೆಯಲ್ಲಿ ನೂರಕ್ಕೆ 5.1, ಅತ್ತ 1.1. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ‘ಗಣನೀಯವಲ್ಲ’ ಎನ್ನುತ್ತದೆ ಪ್ರಬಂಧ. ಲೆಕ್ಕ ಹಾಕಿದೆ: ಇಲ್ಲಿ ಆರು ಹುಡುಗರು, ಅಲ್ಲಿ ಒಬ್ಬ. ಗಣನೀಯವಲ್ಲ ಎಂದು ಓದಿ ಹೇಳಿದರೆ ಊರಿನವರ ಕಿವಿಗೆ ಬೀಳುವುದು, ಆ ಆರು ಮಂದಿ ಲೆಕ್ಕಕ್ಕಿಲ್ಲ ಎಂದು. ವೈದ್ಯರು ಹೇಳುತ್ತಿರುವುದು ಅದಲ್ಲ. ಇಷ್ಟು ಸಣ್ಣ ಗುಂಪಿನಲ್ಲಿ ಇಷ್ಟು ವ್ಯತ್ಯಾಸ ಸುಮ್ಮನೆ ಆಕಸ್ಮಿಕವಾಗಿಯೂ ಬಂದೀತು, ಅದನ್ನು ತಳ್ಳಿಹಾಕುವಂತಿಲ್ಲ ಎಂದಷ್ಟೆ. ಒಂದು ಪದದ ಜಾಗಕ್ಕೆ ಎರಡು ಸಾಲು ಬೇಕಾಯಿತು. ಕನ್ನಡದ ವಿಜ್ಞಾನ ಬರವಣಿಗೆ ಸೋಲುವುದು ಇಂಥಲ್ಲೇ ಎಂದು ನನ್ನ ಗುಮಾನಿ. ನಾವು ಪದಕ್ಕೆ ಪದ ಹುಡುಕುತ್ತೇವೆ, ನಿಘಂಟು ಕೊಟ್ಟೂ ಬಿಡುತ್ತದೆ, ಅರ್ಥ ಮಾತ್ರ ಇಂಗ್ಲಿಷಿನಲ್ಲೇ ಉಳಿದಿರುತ್ತದೆ.

ಎಲ್ಲಕ್ಕಿಂತ ಕಾಡಿದ್ದು ಕೊನೆಯ ವಾಕ್ಯ. ಈ ಮದ್ದು ಗಂಡುಮಕ್ಕಳು ಪ್ರಾಯಕ್ಕೆ ಬರುವುದನ್ನು ತಡಮಾಡಬಹುದು, ಹಾರ್ಮೋನಿನ ಉತ್ಪತ್ತಿಗೆ ಅಡ್ಡಬರಬಹುದು ಎಂಬುದು ಅದರ ಸಾರ. ಬೆನ್ನಿಗೇ, ನಮ್ಮ ಗುಂಪು ಚಿಕ್ಕದು, ಕೆಲವರು ಭಾಗವಹಿಸಲಿಲ್ಲ ಎಂಬ ಒಪ್ಪಿಗೆ. ಇಂಗ್ಲಿಷಿನ ‘ಮೇ’ ಎಂಬುದರಂತೆ ನಮ್ಮ ‘ಬಹುದು’ಗೂ ಎರಡು ಮುಖ. ‘ಸಿಂಪಡಿಸಬಹುದು’ ಎಂದರೆ ಅನುಮತಿ, ‘ತೊಂದರೆಯಾಗಬಹುದು’ ಎಂದರೆ ಅನುಮಾನ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೊದಲನೆಯ ‘ಬಹುದು’ ಹಿಡಿದುಕೊಂಡು ಹೆಲಿಕಾಪ್ಟರು ಹಾರಿತು. ಅದಕ್ಕೆ ಯಾರೂ ಹೋಲಿಕೆಯ ಗುಂಪು ಕೇಳಲಿಲ್ಲ. ಎರಡನೆಯ ‘ಬಹುದು’ ಅಚ್ಚಾದ ಮರುವರ್ಷವೇ ಅದೇ ಪತ್ರಿಕೆಗೆ ಆಕ್ಷೇಪದ ಪತ್ರಗಳು ಬಂದವು, ಲೇಖಕರು ಉತ್ತರ ಕೊಡಬೇಕಾಯಿತು. ಆಕ್ಷೇಪ ತಪ್ಪಲ್ಲ, ವೈದ್ಯರ ಪತ್ರಿಕೆಗಳು ಇರುವುದೇ ಅದಕ್ಕೆ. ಅನುಮತಿಗೂ ಅಷ್ಟೇ ಕಟ್ಟುನಿಟ್ಟಿನ ಆಕ್ಷೇಪಣೆ ಎದುರಾಗಿದ್ದರೆ ಎಂದು ಮಾತ್ರ ಅನಿಸುತ್ತದೆ.

ಹಾಗೆಂದು ಈ ಪ್ರಬಂಧದ ಹಿಂಜರಿಕೆಯನ್ನು ನಾನು ಹೇಡಿತನ ಎನ್ನಲಾರೆ. ಪಡ್ರೆಯಲ್ಲಿ ಅಂಗವಿಕಲ ಕರುಗಳು ಹುಟ್ಟಿದ್ದನ್ನು ಕಂಡು ಶ್ರೀಪಡ್ರೆ ಬರೆದದ್ದು, ವಾಣೀನಗರದ ವೈದ್ಯ ಮೋಹನ ಕುಮಾರ್ ತನ್ನ ರೋಗಿಗಳ ವಿಚಿತ್ರ ಕಾಯಿಲೆಗಳ ಬಗ್ಗೆ ಕೇರಳದ ವೈದ್ಯರ ಪತ್ರಿಕೆಗೆ ಬರೆದು ಸಹವೈದ್ಯರ ಗಮನ ಸೆಳೆಯಲು ನೋಡಿದ್ದು ಇವೆಲ್ಲ ಮೊದಲೇ ಆಗಿದ್ದವು. ಅವು ಕಣ್ಣಾರೆ ಕಂಡವರ ಬರವಣಿಗೆ. ಕಂಡದ್ದನ್ನು ಅಳೆದು, ಅಳತೆ ಎಲ್ಲಿ ಸಾಲದು ಎಂದು ತಾನೇ ಹೇಳಿಕೊಳ್ಳುವ ಬರವಣಿಗೆ ಇನ್ನೊಂದು ಬಗೆಯದ್ದು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಈ ಮದ್ದನ್ನು ತಡೆಯುವಾಗ ಎರಡೂ ಬಗೆಯ ಕಾಗದ ಸಾಕಷ್ಟು ಸೇರಿದ್ದವು.

ಪುಟ ಮುಗಿಸಿ ಮೊದಲು ನಮ್ಮ ತೋಟಕ್ಕೆ ಮದ್ದು ಬಿಡಲು ಬರುವವರಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿ ಅವರು ಅಂದದ್ದು: “ಆಗಬಹುದು ಅಂದ್ರೆ ಆಯ್ತು ಅಂತಲೋ, ಆಗಲಿಲ್ಲ ಅಂತಲೋ?” ನಾನು ‘ಬಹುದು’ ತೆಗೆದು ‘ಆಗುತ್ತದೆಂದು ತೋರುತ್ತದೆ’ ಎಂದು ತಿದ್ದಿದೆ. ಅಕ್ಕನ ಮಗಳು ಶನಿವಾರ ಬಂದವಳು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಮತ್ತೆ ‘ಬಹುದು’ ಹಾಕಿದಳು, ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: “ಪಡ್ರೆಯ ಹುಡುಗರು ಆರು, ಆಚೆಯ ಹುಡುಗ ಒಬ್ಬ.”