ತಟ್ಟೆಯ ಮೇಲಿನ ಗುರುತು, ಒಳಗಿನ ಜೀನ್

ಆಸ್ಪತ್ರೆಯ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸವರಿದ ಅಗರ್ ತಟ್ಟೆಯ ಮೇಲೆ ಆ್ಯಂಟಿಬಯಾಟಿಕ್ ಬಿಲ್ಲೆಗಳನ್ನಿಟ್ಟು, ಮರುದಿನ ಪ್ರತಿ ಬಿಲ್ಲೆಯ ಸುತ್ತ ಬೆಳವಣಿಗೆ ನಿಂತ ವಲಯವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಯಾವ ಔಷಧಿಗೆ ಬಗ್ಗಿತು, ಯಾವುದಕ್ಕೆ ಬಗ್ಗಲಿಲ್ಲ ಎಂಬುದನ್ನು ಒಟ್ಟಿಗೆ ನೋಡಿ ಒಳಗಿನ ಪ್ರತಿರೋಧ ಜೀನನ್ನು ಊಹಿಸುವ ಕ್ರಮವನ್ನು ಫ್ರಾನ್ಸಿನ ಪ್ಯಾಟ್ರಿಸ್ ಕೂರ್ವಲಾಂ 1992ರಲ್ಲಿ ವಿವರಿಸಿದರು.

ಸ್ಟೆಫಿಲೊಕಾಕಸ್‌ನಲ್ಲಿ ಈ ಊಹೆ ನಿಜಕ್ಕೂ ಸೊಗಸಾಗಿ ಕೆಲಸ ಮಾಡುತ್ತದೆ. ಎರಿತ್ರೊಮೈಸಿನ್ ಬಿಲ್ಲೆಯ ಪಕ್ಕ ಕ್ಲಿಂಡಾಮೈಸಿನ್ ಬಿಲ್ಲೆ ಇಟ್ಟಾಗ, ಎರಡನೆಯದರ ದುಂಡು ವಲಯ ಮೊದಲನೆಯದರ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಕಂಡರೆ, ಎರಿತ್ರೊಮೈಸಿನ್ ತಾಗಿದಾಗ ಎಚ್ಚರಗೊಳ್ಳುವ ‘ಎರ್ಮ್’ ಜೀನ್ ಒಳಗಿದೆ ಎಂದರ್ಥ. ಸೆಫಾಕ್ಸಿಟಿನ್ ಬಿಲ್ಲೆಯ ಸಾಧನೆ ಇದಕ್ಕಿಂತ ದೊಡ್ಡದು. ಸ್ಟೆಫಿಲೊಕಾಕಸ್ ಔರಿಯಸ್‌ನಲ್ಲಿ ಅದರ ವಲಯ 21 ಮಿ.ಮೀ. ಅಥವಾ ಕಡಿಮೆಯಿದ್ದರೆ ಮೆಥಿಸಿಲಿನ್ ಪ್ರತಿರೋಧದ ‘ಮೆಕ್‌ಎ’ ಜೀನ್ ಇದೆಯೆಂದು ಬರೆಯುತ್ತಾರೆ. 2011ರಲ್ಲಿ ಅದೇ ಬಗೆಯ ಇನ್ನೊಂದು ಜೀನ್ ‘ಮೆಕ್‌ಸಿ’ ಪತ್ತೆಯಾದಾಗ, ‘ಮೆಕ್‌ಎ’ಯನ್ನಷ್ಟೇ ಹುಡುಕುವ ಪಿಸಿಆರ್ ಅದನ್ನು ಕಾಣಲಿಲ್ಲ, ಹಳೆಯ ಬಿಲ್ಲೆ ಕಂಡಿತು.

ಐಸಿಯುಗಳ ಕ್ಲೆಬ್ಸಿಯೆಲ್ಲಾದಲ್ಲಿ ಮಾತ್ರ ಇದೇ ಕ್ರಮ ಎಡವುತ್ತದೆ. ಎನ್‌ಡಿಎಂ ಕಿಣ್ವ ಮೆರೊಪೆನೆಮನ್ನು ಮುರಿದರೂ ಅಜ್ಟ್ರಿಯೊನಾಮನ್ನು ಮುಟ್ಟುವುದಿಲ್ಲ. ಪಠ್ಯಪುಸ್ತಕದ ಪ್ರಕಾರ ಅದೇ ಅದರ ಗುರುತು. ಆದರೆ ಬಹಳಷ್ಟು ಸಲ ಜೊತೆಗೇ ಸಿಟಿಎಕ್ಸ್-ಎಂ ಕಿಣ್ವವೂ ಇದ್ದು ಅಜ್ಟ್ರಿಯೊನಾಮನ್ನು ಮುರಿಯುವುದರಿಂದ ಆ ಗುರುತು ಅಳಿಸಿಹೋಗುತ್ತದೆ. ಇನ್ನೊಂದೆಡೆ, ಮೆರೊಪೆನೆಮ್ ಬಗೆಯ ಔಷಧಿಗಳನ್ನು ಮುರಿಯುವ ಇಂಥ ಕಿಣ್ವ (ಕಾರ್ಬಪೆನೆಮೇಸ್) ಇಲ್ಲದೆಯೂ ಹೊರಪೊರೆಯ ರಂಧ್ರಗಳು ಕಡಿಮೆಯಾದರೆ ಅದೇ ಬಗೆಯ ಎರ್ಟಾಪೆನೆಮ್ ಸೋಲಬಹುದು. ಇಲ್ಲಿ ತಪ್ಪಿದ ಊಹೆಯ ಬೆಲೆ ತೆರುವವನು ರೋಗಿ: ಸೆಫ್ಟಾಜಿಡೀಮ್–ಅವಿಬ್ಯಾಕ್ಟಮ್ ಔಷಧಿ ಆಕ್ಸಾ-48 ಎಂಬ ಇನ್ನೊಂದು ಕಾರ್ಬಪೆನೆಮೇಸ್ ಮೇಲೆ ನಾಟುತ್ತದೆ, ಎನ್‌ಡಿಎಂ ಮೇಲೆ ನಾಟುವುದಿಲ್ಲ. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಈ ಎರಡು ಬಗೆಗಳೇ, ಕೆಲವೊಮ್ಮೆ ಒಂದೇ ತಳಿಯಲ್ಲಿ.

ಕಂಪ್ಯೂಟರಿಗೆ ಸಾವಿರಾರು ರಿಪೋರ್ಟು ಕಲಿಸಿ ಊಹಿಸುವ ಹೊಸ ಯತ್ನಗಳಿಗೂ ಈ ತೊಡಕು ತಪ್ಪಿದ್ದಲ್ಲ. ಇ. ಕೋಲೈನ ಎಸ್‌ಟಿ131 ತಳಿಯಲ್ಲಿ ಸಿಪ್ರೊಫ್ಲಾಕ್ಸಸಿನ್ ಪ್ರತಿರೋಧವೂ ಸಿಟಿಎಕ್ಸ್-ಎಂ-15 ಜೀನೂ ಆಗಾಗ ಒಟ್ಟಿಗಿರುತ್ತವೆ. ಒಂದು ಇನ್ನೊಂದಕ್ಕೆ ಕಾರಣವಲ್ಲ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಕಲಿತ ಲೆಕ್ಕ ಆ ತಳಿ ವಿರಳವಾದ ಆಸ್ಪತ್ರೆಯಲ್ಲಿ ಕೈಕೊಡುತ್ತದೆ.

ಔಷಧಿಯ ಆಯ್ಕೆ ಜೀನಿನ ಮೇಲೆಯೇ ನಿಂತಿರುವಾಗ ಊಹೆಯಲ್ಲಿ ನಿಲ್ಲುವುದು ಸರಿಯಲ್ಲ. ಎನ್‌ಡಿಎಂ, ಕೆಪಿಸಿ, ವಿಐಎಂ, ಐಎಂಪಿ, ಆಕ್ಸಾ-48 ಎಂಬ ಐದು ಬಗೆಯ ಕಿಣ್ವಗಳನ್ನು ಸುಮಾರು 15 ನಿಮಿಷದಲ್ಲಿ ತೋರಿಸುವ ಪಟ್ಟಿ ಪರೀಕ್ಷೆ ಈಗಿದೆ. ಆದರೆ ಆ ಐದರ ಹೊರಗಿನದು ಅದಕ್ಕೆ ಕಾಣದು. ಪಟ್ಟಿಯಲ್ಲಿ ಒಂದು ಗೆರೆಯೂ ಮೂಡದೆ, ಮೆರೊಪೆನೆಮ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿದ್ದರೆ, ನಂಬಬೇಕಾದದ್ದು ತಟ್ಟೆಯನ್ನು.