ಗದ್ದಲದ ಪಾಠ ಕಿತ್ತ ಮನಶ್ಶಾಸ್ತ್ರ

ಬೆಂಗಳೂರಿನ ಕಗ್ಗದಾಸಪುರದ ರೈಲ್ವೆ ಗೇಟಿನ ಹಾರ್ನ್ ಗದ್ದಲದಲ್ಲೇ ಬೆಳೆದ ಹುಡುಗಿಯೊಬ್ಬಳು ಸಿಬಿಎಸ್‌ಇ ಶಾಲೆಯಲ್ಲಿ ಮನಶ್ಶಾಸ್ತ್ರ ಆರಿಸಿಕೊಂಡಳು ಅನ್ನೋಣ. ಡಿಆರ್‌ಡಿಒ ಒಂದು ಕಡೆ, ಬಾಗ್ಮನೆ ಟೆಕ್ ಪಾರ್ಕ್ ಇನ್ನೊಂದು ಕಡೆ ಇರುವ ಈ ಬಡಾವಣೆಯಲ್ಲಿ ಆ ಆಯ್ಕೆಗೇ ಒಂದಿಷ್ಟು ಧೈರ್ಯ ಬೇಕು. ಅವಳ ಕೈಗೆ ಬರುವ ಪುಸ್ತಕ ಆ ಧೈರ್ಯಕ್ಕೆ ತಕ್ಕದ್ದೇ?

ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಪುಸ್ತಕ 2007ರಲ್ಲಿ ಬಂದಾಗ ಅದರಲ್ಲಿ 9 ಅಧ್ಯಾಯಗಳಿದ್ದವು. ಬುದ್ಧಿಶಕ್ತಿ, ವ್ಯಕ್ತಿತ್ವ, ಒತ್ತಡ, ಮನೋರೋಗ, ಚಿಕಿತ್ಸೆ ಎಲ್ಲವನ್ನೂ ಹದವಾಗಿ, ಗಾಬರಿ ಹುಟ್ಟಿಸದೆ ಹೇಳುವ ಒಳ್ಳೆಯ ಪುಸ್ತಕ ಅದು. ಎಂಟನೆಯ ಅಧ್ಯಾಯ ಸದ್ದು, ಜನಸಂದಣಿ, ಬಡತನ, ಆಕ್ರಮಣಶೀಲತೆಗಳನ್ನು ಕುರಿತದ್ದು. ಒಂಬತ್ತನೆಯದು ಕೇಳಿಸಿಕೊಳ್ಳುವ, ಸಂದರ್ಶನ ಮಾಡುವ, ಆಪ್ತಸಲಹೆ ನೀಡುವ ಕೌಶಲಗಳದ್ದು. ಕೊರೊನಾ ನಂತರ ಪಠ್ಯದ ಹೊರೆ ಇಳಿಸುವಾಗ ಕತ್ತರಿ ಬಿದ್ದದ್ದು ಸರಿಯಾಗಿ ಈ ಎರಡಕ್ಕೆ. ಹೊರೆ ಇಳಿಯಿತು, ನಿಜ. ಆದರೆ ಆ ಹುಡುಗಿ ತನ್ನ ಬೀದಿಯನ್ನೇ ಇಟ್ಟುಕೊಂಡು ಓದಬಹುದಾಗಿದ್ದ ಪಾಠವೇ ಹೋಯಿತು. ಹಾರ್ನ್ ಸದ್ದು ಬೇಕೆಂದಾಗ ನಿಲ್ಲಿಸಲಾಗದು ಎಂಬ ಅಸಹಾಯಕತೆ, ಸದ್ದಿನ ಜೋರಿನಷ್ಟೇ ಮನಸ್ಸನ್ನು ದಣಿಸುತ್ತದೆ ಎಂಬುದನ್ನು ಅವಳಿಗಿಂತ ಬೇಗ ಗ್ರಹಿಸುವವರು ಯಾರು?

ಇನ್ನೂ ವಿಚಿತ್ರವಾದದ್ದು ಪ್ರಾಯೋಗಿಕ ಪರೀಕ್ಷೆ. 70 ಅಂಕ ಥಿಯರಿಗೆ, 30 ಪ್ರಾಕ್ಟಿಕಲ್‌ಗೆ. ವಿದ್ಯಾರ್ಥಿ ಯಾರಾದರೊಬ್ಬರನ್ನು ಮಾತಾಡಿಸಿ, ಗಮನಿಸಿ ಅವರ ವ್ಯಕ್ತಿಚಿತ್ರಣ ಸಿದ್ಧಪಡಿಸಬೇಕು; ಬುದ್ಧಿಶಕ್ತಿ, ಮನೋಭಾವಗಳಂಥ ವಿಷಯಗಳ ಮೇಲೆ ಪರೀಕ್ಷೆಗಳನ್ನು ನಡೆಸಿ ಅರ್ಥ ಬಿಡಿಸಬೇಕು. ಇಡೀ ವಿಷಯದ ಜೀವ ಇರುವುದೇ ಇಲ್ಲಿ. ಸಂದರ್ಶನ ಕಲಿಸುವ ಅಧ್ಯಾಯವನ್ನು ಕಿತ್ತು, ಸಂದರ್ಶನ ಮಾಡಿಕೊಂಡು ಬಾ ಅನ್ನುವುದು ಈಜು ಕಲಿಸದೆ ಕೆರೆಗೆ ಇಳಿಸಿದ ಹಾಗೆ. ಹೀಗಾದಾಗ ಫೈಲು ತುಂಬುವುದಷ್ಟೇ ಉಳಿಯುತ್ತದೆ. ಮನೋರೋಗದ ಪಾಠ ಓದಿ ಬಂದ ಹದಿನೇಳರ ಹುಡುಗರಿಗೆ ಮೇಜು ಒರೆಸುವ ಅಮ್ಮನೂ 'ಓಸಿಡಿ' ಎಂಬ ಗೀಳುರೋಗದವಳಾಗಿ ಕಾಣುತ್ತಾಳೆ! ಹೆಸರು ಹಚ್ಚುವ ಆತುರವನ್ನು ತಡೆಯುವುದು ಕೇಳಿಸಿಕೊಳ್ಳುವ ಅಭ್ಯಾಸವೊಂದೇ.

ಅಂಥ ಅಭ್ಯಾಸಕ್ಕೆ ಕನ್ನಡದಲ್ಲಿ ಸಾಮಗ್ರಿಗೆ ಬರವಿಲ್ಲ. 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ವೈದ್ಯ ಎಂ. ಶಿವರಾಂ, ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಮನಸ್ಸಿನ ಕಾಯಿಲೆಗಳ ಬಗ್ಗೆ ಮನೆಮಾತಿನಲ್ಲೇ ಬರೆದಿದ್ದಾರೆ. ಹೇಗೂ ಪ್ರಾಕ್ಟಿಕಲ್‌ಗೆಂದು ಹುಡುಗಿ ತನ್ನ ಅಜ್ಜಿಯನ್ನು ಮಾತಾಡಿಸುವುದು ಕನ್ನಡದಲ್ಲಿ, ಫೈಲು ಬರೆಯುವುದು ಇಂಗ್ಲಿಷಿನಲ್ಲಿ. ಕಿತ್ತ ಎರಡು ಅಧ್ಯಾಯಗಳನ್ನು ಪರೀಕ್ಷೆಗಿಲ್ಲದಿದ್ದರೂ ಪ್ರಾಕ್ಟಿಕಲ್ ಪೀರಿಯಡ್ಡಿನಲ್ಲಿ ಓದಿಸಲು, ಜೊತೆಗೆ ಈ ಇಬ್ಬರು ಲೇಖಕರ ಒಂದೊಂದು ಪುಸ್ತಕ ಲೈಬ್ರರಿಯಿಂದ ತರಿಸಲು ಮೇಷ್ಟರಿಗೆ ಯಾವ ಸುತ್ತೋಲೆಯೂ ಬೇಕಿಲ್ಲ.